ಒಂದೇ ಕಿವಿಯ ಬುಗುಡಿ

ನನ್ನ ಅತ್ತಿಗೆಯಷ್ಟು ಧೈರ್ಯದ ಹೆಂಗಸು ಸೊರಬ ತಾಲ್ಲೂಕಿನಲ್ಲೇ ಇರಲಿಲ್ಲ. ಈ ಮಾತನ್ನು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಿದ್ದರು. ಅದೂ ಯಾವಾಗ? ಯಾವುದಾದರೂ ಹೊಸ ವಸ್ತುವಿನ ಮುಂದೆ ನಿಂತು, ಪಕ್ಕದಲ್ಲಿದ್ದವರನ್ನು ಮುಂದಕ್ಕೆ ತಳ್ಳುತ್ತಾ!

ಅತ್ತಿಗೆ ಎಂದರೆ ನಿಮ್ಮ ಅಜ್ಜನ ಅಕ್ಕ. ಶಿಕಾರಿಪುರದ ನಮ್ಮ ಮನೆಯಲ್ಲಿ ಹುಟ್ಟಿ ಸೊರಬಕ್ಕೆ ಮದುವೆಯಾಗಿ ಹೋದವರು. ಮೊನ್ನೆ ನೀವು, ಅಜ್ಜಿ ಎಡಗಿವಿಯ ಮೇಲೆ ಮಾತ್ರ ಬುಗುಡಿ ಹಾಕ್ತಾಳೆ, ಬಲಗಿವಿಗೆ ಯಾಕಿಲ್ಲ ಎಂದು ಕೇಳಿದಿರಿ. ನಾನು ನಕ್ಕು ಸುಮ್ಮನಾದೆ. ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ದೊಡ್ಡವಳು ತಪ್ಪದೆ ಓದಬೇಕು. ಕಿವಿಯ ಮೇಲೆ ಚುಚ್ಚಿಸಿಕೊಳ್ಳುತ್ತೇನೆಂದು ಎರಡು ಸಲ ಅಂಗಡಿ ಬಾಗಿಲ ತನಕ ಹೋಗಿ ವಾಪಸ್ಸು ಬಂದಿದ್ದಾಳಂತೆ.

ಅತ್ತಿಗೆಯ ಮಂತ್ರ ಒಂದೇ: "ನೀನು ಮೊದಲು." ಅವರ ಮನೆಗೆ ಕುಕ್ಕರ್ ಬಂದಾಗ ಮೊದಲ ಬೇಳೆ ಬೇಯಿಸಿದ್ದು ಪಕ್ಕದ ಮನೆಯಾಕೆ. ಅತ್ತಿಗೆ ಹಿತ್ತಲಿನ ಬಾವಿಯ ಆಚೆ ನಿಂತು, ಉರಿ ಹೇಗೆ ಸಣ್ಣ ಮಾಡಬೇಕೆಂದು ಒಳಗಿದ್ದಾಕೆಗೆ ಕೂಗಿ ಧೈರ್ಯ ಹೇಳುತ್ತಿದ್ದರು. ಡಾಕ್ಟರು ಗುಳಿಗೆ ಬರೆದುಕೊಟ್ಟರೆ ಮೊದಲನೆಯದು ಅವರ ಯಜಮಾನರಿಗೆ, ಎಂದರೆ ನಮ್ಮ ಭಾವನಿಗೆ. ಪಾಪ, ಅವರದು ಎದುರು ಹೇಳುವ ಸ್ವಭಾವವಲ್ಲ. ತಮಗೆ ಇಲ್ಲದ ಕಾಯಿಲೆಗಳಿಗೆಲ್ಲ ಅರ್ಧರ್ಧ ಔಷಧಿ ಮಾಡಿಸಿಕೊಂಡ ಮನುಷ್ಯ ಅವರೊಬ್ಬರೇ ಇರಬೇಕು. ಬಸ್ಸಿಗೂ ಅಷ್ಟೆ. ಎಲ್ಲರೂ ಹತ್ತಿ, ಬಸ್ಸು ಭಾರ ತಡೆಯುತ್ತದೆ ಎಂದು ಗೊತ್ತಾದ ಮೇಲೆ ಇವರು ಹತ್ತುವುದು. ಹಾಗಾಗಿ ಸೊರಬದಿಂದ ಶಿಕಾರಿಪುರದವರೆಗೆ ಅವರಿಗೆ ಸೀಟು ಸಿಕ್ಕಿದ್ದನ್ನು ಯಾರೂ ನೋಡಿಲ್ಲ.

ಒಮ್ಮೆ ಎಲ್ಲರೂ ಬಂದಳಿಕೆಗೆ ಹೋಗಿದ್ದೆವು. ಅಲ್ಲಿ ಪಾಳುಬಿದ್ದ ಗುಡಿಯ ಕಲ್ಲಿನ ಬಾಗಿಲ ಮುಂದೆ ಅತ್ತಿಗೆ ನಿಂತುಬಿಟ್ಟರು. "ನೀನು ಮೊದಲು" ಎಂದು ನನ್ನನ್ನು ದೂಡಿದರು. ಎಷ್ಟೋ ನೂರು ವರ್ಷದಿಂದ ನಿಂತ ಬಾಗಿಲು, ಈಗೇನು ಬೀಳುತ್ತದೆ ಎಂದೆ. "ಅದೇ ಮತ್ತೆ. ನಿಂತಿದ್ದು ಸಾಕಾತು ಅಂತ ಅದಕ್ಕೆ ಇವತ್ತೇ ಅನ್ಸಿದ್ರೆ?" ಎಂದರು. ಇದಕ್ಕೆ ಏನು ಉತ್ತರ ಹೇಳುತ್ತೀರಿ?

ಈಗ ಬುಗುಡಿಯ ವಿಷಯ. ನನ್ನ ಅತ್ತೆ, ಎಂದರೆ ಅತ್ತಿಗೆಯ ತಾಯಿ, ಕಿವಿಯ ಮೇಲ್ತುದಿಗೆ ಮುತ್ತಿನ ಬುಗುಡಿ ಹಾಕುತ್ತಿದ್ದರು. ತೀರಿಕೊಳ್ಳುವ ಮೊದಲು ಆ ಜೋಡಿಯನ್ನು ಬಿಡಿಸಿ, ಒಂದನ್ನು ಮಗಳಿಗೂ ಒಂದನ್ನು ಸೊಸೆಗೂ ಕೊಟ್ಟರು. ಇಬ್ಬರೂ ಹೊಂದಿಕೊಂಡಿದ್ದರೆ ಬೇಕಾದವರು ಇನ್ನೊಂದನ್ನು ಕೇಳಿ ಪಡೆದು ಜೋಡಿ ಹಾಕಬಹುದು, ಜಗಳವಾಡಿದರೆ ಜೋಡಿ ಯಾರಿಗೂ ಇಲ್ಲ ಎಂಬುದು ಅವರ ಲೆಕ್ಕ. ಆದರೆ ಬುಗುಡಿ ಹಾಕುವ ಕಾಲ ಆಗಲೇ ಹೋಗಿತ್ತು. ಕಿವಿಯ ಮೇಲೆ ನಮ್ಮಿಬ್ಬರಿಗೂ ತೂತೇ ಇರಲಿಲ್ಲ. ಹಾಗಾಗಿ ಜಗಳವೂ ಆಗಲಿಲ್ಲ. ಒಂದು ಸೊರಬದ ಪೆಟ್ಟಿಗೆಯಲ್ಲಿ, ಒಂದು ಶಿಕಾರಿಪುರದ ಪೆಟ್ಟಿಗೆಯಲ್ಲಿ ಕೂತವು.

ನಿಮ್ಮ ಅಜ್ಜ ಹೋದದ್ದು ತೊಂಬತ್ತರ ದಶಕದ ಮೊದಲಲ್ಲಿ. ತಾಳಿ, ಕಾಲುಂಗುರದ ಜೊತೆಗೆ ನಾನು ಓಲೆ, ಬಳೆಗಳನ್ನೂ ತೆಗೆದಿಟ್ಟೆ. ಅವನ್ನು ತೆಗಿ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಮೊದಲೇ ತೆಗೆದುಬಿಟ್ಟರೆ ಒಳ್ಳೆಯದು ಎಂದುಕೊಂಡೆ. ನನ್ನದು ಮೊದಲಿನಿಂದಲೂ ನಾಚಿಕೆಯ ಜೀವ. ಎರಡು ವರ್ಷದ ಮೇಲೆ ನಿಮ್ಮ ಅಮ್ಮನ ಮದುವೆ ಗೊತ್ತಾಯಿತು. ಅಕ್ಷತೆಯ ಹೊತ್ತಿಗೆ ನಾನು ಉಗ್ರಾಣದಲ್ಲಿರುತ್ತೇನೆ, ಅಕ್ಕಿ ಬೆಲ್ಲ ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದೆ. ನಿಮ್ಮ ಅಮ್ಮ ಅದನ್ನು ಕೇಳಿ ನೇರವಾಗಿ ಸೊರಬಕ್ಕೆ ಕಾಗದ ಬರೆದಳು.

ಮಾರನೆಯ ವಾರವೇ ಅತ್ತಿಗೆ ಬಸ್ಸಿನಲ್ಲಿ ನಿಂತುಕೊಂಡು ಬಂದಿಳಿದರು. ಉಗ್ರಾಣದ ಮಾತೇ ಇಲ್ಲ. ಮದುವೆಗೆ ತಾವು ಬುಗುಡಿ ಹಾಕಬೇಕು, ಕಿವಿ ಚುಚ್ಚಿಸಲು ಜೊತೆಗೆ ಬಾ, ನಿನ್ನ ಬುಗುಡಿಯನ್ನೂ ತಗೋ ಎಂದರು. ಜೋಡಿ ಮಾಡಿಕೊಳ್ಳಲು ನನ್ನದನ್ನು ಕೇಳುತ್ತಿದ್ದಾರೆ ಎಂದುಕೊಂಡು ಸಂತೋಷದಿಂದಲೇ ಕೊಟ್ಟೆ. ನನಗೆ ಅದರಿಂದ ಏನಾಗಬೇಕಿತ್ತು?

ಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಪತ್ತಾರರ ಅಂಗಡಿಗೆ ಹೋದೆವು. ಮದುಮಗಳ ಕಿವಿಯೇ ಎಂದು ಅವರು ಕೇಳಿದರು. ಅಲ್ಲ, ನಮ್ಮದು ಎಂದಾಗ ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. ಮೇಲುಗಿವಿ ಚುಚ್ಚುವ ದಬ್ಬಳವನ್ನು ಅವರ ತಂದೆಯ ಪೆಟ್ಟಿಗೆಯಿಂದ ಹುಡುಕಿ ತೆಗೆಯಬೇಕಾಯಿತು. "ಕೆಳಗಿನ ಹಾಲೆ ಮೆತ್ತಗಿರತ್ತ್ರೀ ಅಮ್ಮ, ಮೇಲಿಂದು ಎಲುಬು. ಈ ವಯಸ್ಸಿಗೆ ಸ್ವಲ್ಪ ಬಿರುಸು" ಎಂದರು. ಅತ್ತಿಗೆ ತಲೆಯಾಡಿಸಿ, ನನ್ನ ಭುಜ ಹಿಡಿದು ಮಣೆಯ ಮೇಲೆ ಕೂರಿಸಿದರು.

"ನೀನು ಮೊದಲು."

ಕುಕ್ಕರಿನ ಹಾಗೆ ನನ್ನ ಮೇಲೆ ಪರೀಕ್ಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಒಂದು ನಿನಗೆ, ಒಂದು ನನಗೆ, ಅದನ್ನು ಹಾಕಿಕೊಂಡು ಮಗಳ ಪಕ್ಕದಲ್ಲಿ ನಿಲ್ಲಬೇಕು ಎಂದರು. ನಾನು ಎದ್ದುಬಿಟ್ಟೆ. ಇದ್ದದ್ದನ್ನೇ ತೆಗೆದಿಟ್ಟವಳು ಹೊಸದನ್ನು ಹಾಕಿದರೆ ಜನ ಏನೆಂದಾರು ಎಂದೆ.

"ಎಂತ ಅಂತಾರೆ? ಅವನ ಜೊತಿಗೆ ಬಂದಿದ್ದು ಅವನ ಜೊತಿಗೆ ಹೋತು ಅಂತೀಯ, ಸರಿ. ಈ ತೂತು ಅವನು ಇದ್ದಾಗ ಇತ್ತನೇ ಮಾರಾಯ್ತಿ? ಇಲ್ದಿದ್ದು ಹ್ಯಾಂಗೆ ಹೋಗ್ತದೆ?"

ಪತ್ತಾರರು ಹೌದಲ್ಲ ಎಂಬಂತೆ ನನ್ನ ಮುಖ ನೋಡಿದರು. ಹೀಗೆ ಸಿಕ್ಕಿಬಿದ್ದಾಗ ನಾನು ಮಾಡುವುದು ಒಂದೇ, ಚಪ್ಪಲಿ ಹುಡುಕುವುದು. ಒಂದು ಕಾಲಿಗೆ ಮೆಟ್ಟಿಯೂ ಆಗಿತ್ತು. ಆಗ ಹಿಂದಿನಿಂದ ಕೇಳಿಸಿತು.

"ಆಚಾರ್ರೆ, ನಾನು ಮೊದಲು."

ನಾನು ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವರ ಬಾಯಲ್ಲಿ ಈ ಮಾತು ಕೇಳಿರಲಿಲ್ಲ. ತಿರುಗಿ ನೋಡಿದರೆ ಅತ್ತಿಗೆ ಮಣೆಯ ಮೇಲೆ ಕೂತು ಕಣ್ಣು ಮುಚ್ಚಿದ್ದರು. ಮುಖ ಅಕ್ಕಿಹಿಟ್ಟಿನ ಹಾಗೆ ಬಿಳಿಚಿತ್ತು. ಒಂದೇ ಚಪ್ಪಲಿಯಲ್ಲಿ ಓಡಿಬಂದು ಕೈ ಹಿಡಿದೆ. ಕರಕ್ ಎಂದು ಸದ್ದಾಯಿತು. ಸದ್ದು ನನಗೂ ಕೇಳಿಸಿತು! ಅವರ ಕೈಯ ಬಳೆಗಳು ನನ್ನ ಬರಿಗೈಗೆ ಒತ್ತಿ ನಾಲ್ಕು ಗೆರೆ ಮೂಡಿದವು.

ಹೇಗಾಯಿತು ಎಂದು ಕೇಳಿದೆ.

"ಇರುವೆ ಕಚ್ಚಿದಂಗೆ" ಎಂದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಆಮೇಲೆ ನಾನು ಕೂತೆ. ಕೂರದೆ ಇರುವುದಾದರೂ ಹೇಗೆ? ಚುಚ್ಚಿದಾಗ ನನ್ನ ಹಲ್ಲಿನ ತನಕ ನೋವು ಇಳಿಯಿತು. ಮನೆಗೆ ಬರುವ ದಾರಿಯಲ್ಲಿ, ಇರುವೆ ಅಂದ್ರಲ್ಲ ಅತ್ತಿಗೆ ಎಂದೆ. "ನಮ್ಮ ಸೊರಬದ ಕಡೆ ಇರುವೆ ಹಂಗೇ ಕಚ್ಚೋದು" ಎಂದರು.

ಮೂರು ತಿಂಗಳು ಅರಿಸಿನ, ಕೊಬ್ಬರಿ ಎಣ್ಣೆ ಹಚ್ಚಿದೆ. ಬಲಕ್ಕೇ ತಿರುಗಿ ಮಲಗಿದೆ. ತಲೆ ಬಾಚುವಾಗ ಬಾಚಣಿಗೆ ತಗುಲಿದರೆ ಅತ್ತಿಗೆಯನ್ನು ನೆನೆದು ಬೈದೆ. ಮದುವೆಯ ದಿನ ಇಬ್ಬರೂ ಎಡಗಿವಿಗೆ ಒಂದೊಂದು ಬುಗುಡಿ ಹಾಕಿಕೊಂಡು ನಿಮ್ಮ ಅಮ್ಮನ ಎರಡು ಪಕ್ಕಕ್ಕೆ ನಿಂತೆವು. ಈಸೂರಿನಿಂದ ಬಂದಿದ್ದ ನೆಂಟರ ಅಜ್ಜಿಯೊಬ್ಬರು ನನ್ನನ್ನೇ ದಿಟ್ಟಿಸಿ, "ಏನವ್ವಾ, ಇದೇನು ಹೊಸದು ಕಿವ್ಯಾಗೆ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ನಾನು ಅತ್ತಿಗೆಯ ಕಡೆ ನೋಡಿದೆ. ಅವರು ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದುಕೊಂಡು ಮಂಟಪದ ಹೂ ನೋಡುತ್ತಿದ್ದರು. ನೀನು ಮೊದಲು ಎಂದು ಅರ್ಥ.

"ಅವರಿದ್ದಾಗ ಇದು ಇರಲಿಲ್ಲ ಅಜ್ಜಿ. ಅವರ ಜೊತೆ ಹೋಗಬೇಕಾದ್ದಲ್ಲ" ಎಂದೆ. ಅಷ್ಟು ಜನರ ನಡುವೆ ನಾನು ಆಡಿದ ಮೊದಲ ಮಾತು ಅದು. ನೆಂಟರ ಅಜ್ಜಿ ಮುಂದಕ್ಕೆ ಬಾಗಿ ನನ್ನ ಕಿವಿ ನೋಡಿ, ಮುತ್ತು ಒಳ್ಳೆಯದು ಎಂದರು. ಉಗ್ರಾಣವನ್ನು ಆ ಹೊತ್ತು ಭಾವ ನೋಡಿಕೊಂಡರು.

ಅತ್ತಿಗೆ ಸೆರಗು ಹೊದ್ದದ್ದು ಹಿರಿಯರ ಮುಂದಿನ ಮರ್ಯಾದೆಗೆ ಎಂದೇ ನಾನು ತಿಳಿದಿದ್ದೆ. ಅವರು ತೀರಿಕೊಂಡ ಮೇಲೆ ಭಾವ ಅವರ ಬುಗುಡಿಯನ್ನು ಒಂದು ಕುಂಕುಮದ ಭರಣಿಯಲ್ಲಿಟ್ಟು ತಂದುಕೊಟ್ಟರು. ಆಗ ಹೇಳಿದರು. ಆ ಕಿವಿ ಕೀವುಗಟ್ಟಿ ಮದುವೆಯ ದಿನವೂ ಮಾಗಿರಲಿಲ್ಲವಂತೆ. ಊದಿದ ಕಿವಿಗೇ ಬುಗುಡಿ ಸಿಕ್ಕಿಸಿಕೊಂಡು ಬಂದಿದ್ದರಂತೆ. "ಅವಳಿಗೆ ಹೇಳ್ಬೇಡಿ, ಗೊತ್ತಾದ್ರೆ ತನ್ನದನ್ನೂ ಕಳಚಿ ಇಡ್ತಾಳೆ" ಎಂದಿದ್ದರಂತೆ.

ಆ ಭರಣಿ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಜೋಡಿ ಕೂಡಿದೆ. ಆದರೂ ನನ್ನ ಬಲಗಿವಿಯನ್ನು ಇಷ್ಟು ವರ್ಷ ಚುಚ್ಚಿಸದೆ ಹಾಗೇ ಬಿಟ್ಟಿದ್ದೇನೆ. ಯಾಕೆಂದು ನನಗೂ ಗೊತ್ತಿರಲಿಲ್ಲ, ಮೊನ್ನೆ ದೊಡ್ಡವಳ ಸುದ್ದಿ ಕೇಳುವ ತನಕ.

ಮಗಾ, ಮೂರನೇ ಸಲ ಅಂಗಡಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗು. ನಾನು ಮೊದಲು ಕೂರುತ್ತೇನೆ.