ಮೂರನೇ ಸಲ ಕೇಳುವ ಊರು

ಬೆಳಕು ಹರಿಯುವ ಮೊದಲೇ ಪಕ್ಕದ ಮನೆಯ ಮಾರ್ಲಿಸ್ ಹಿಮ ತುಳಿದುಕೊಂಡು ಬಂದು ಆರ್ನೆಯ ಬಾಗಿಲು ತಟ್ಟಿದಳು. ಆ ಬಾಗಿಲು ತೆರೆಯದೇ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

“ಆರ್ನೆ, ಇವತ್ತು ಆ ಹೆಂಗಸಿನ ಮುಂದೆ ಉಪಚಾರದ ಮಾತಾಡ್ಬೇಡ. ಆಡಿದ್ರೆ ನಿನ್ನ ಶಾಲೆ ಹೋದ ಹಾಗೇ.”

ಆ ಹೆಂಗಸು ಅಂದರೆ ಪಲುಂಬೊ ಮೇಡಂ, ಚಾರ್ಟರ್ ಶಾಲೆಗಳಿಗೆ ಅನುಮತಿ ಕೊಡುವ ಮಂಡಳಿಯ ಹೊಸ ಅಧ್ಯಕ್ಷೆ. ಊರಿನ ಶಾಲೆ ಮುಚ್ಚಿ ಮೂರು ವರ್ಷವಾಗಿತ್ತು. ಮಕ್ಕಳು ಬೆಳಿಗ್ಗೆ ಆರೂ ಹತ್ತಕ್ಕೆ ಬಸ್ಸು ಹತ್ತಿ ಒಂದು ಗಂಟೆ ಇಪ್ಪತ್ತು ನಿಮಿಷ ಕುಲುಕಾಡಿಕೊಂಡು ಹೋಗಬೇಕು. ಆರ್ನೆಯ ಏಳು ವರ್ಷದ ಮೊಮ್ಮಗಳು ಬ್ರಿಟಾ ತನ್ನ ಮೊದಲ ಹಾಲುಹಲ್ಲನ್ನು ಬಸ್ಸಿನಲ್ಲೇ ಉದುರಿಸಿಕೊಂಡು, ಬಸ್ಸಿನಲ್ಲೇ ಕಳೆದುಕೊಂಡು ಅತ್ತಿದ್ದಳು. ಮೂವತ್ತು ವರ್ಷ ಮಕ್ಕಳಿಗೆ ಮರಗೆಲಸ ಕಲಿಸಿ ನಿವೃತ್ತನಾಗಿದ್ದ ಆರ್ನೆ ಅವತ್ತೇ ಪೆನ್ನು ಹಿಡಿದು ಕೂತ. ಸರ್ಕಾರದ ಖರ್ಚಿನಲ್ಲಿ ಊರಿನವರೇ ನಡೆಸುವ ಚಾರ್ಟರ್ ಶಾಲೆ ಬೇಕೆಂದು ಇನ್ನೂರ ಹನ್ನೆರಡು ಪುಟದ ಅರ್ಜಿ ಬರೆದ. ಅದರ ವಿಚಾರಣೆ ಇವತ್ತು ಸಂಜೆ ನಾಲ್ಕಕ್ಕೆ, ಚರ್ಚಿನ ನೆಲಮಾಳಿಗೆಯಲ್ಲಿ.

“ಮೇಡಂ ನ್ಯೂಜೆರ್ಸಿಯವರು,” ಎಂದಳು ಮಾರ್ಲಿಸ್. “ಅವರಲ್ಲಿ ಒಂದೇ ಸಲ ಕೇಳೋದು. ನಿನ್ನೆ ನಮ್ಮ ಪಾದ್ರಿ ಹಿಮದಲ್ಲಿ ನಡ್ಕೊಂಡು ಹೋಗ್ತಿದ್ರು. ಮೇಡಂ ಕಾರು ನಿಲ್ಲಿಸಿ ‘ಬರ್ತೀರಾ?’ ಅಂದ್ರು. ಪಾದ್ರಿ ‘ಅಯ್ಯೋ, ಬೇಡ ಬಿಡಿ’ ಅಂದ್ರು. ಮೇಡಂ ಬಿಟ್ಟೇ ಹೋದ್ರು ಕಣಯ್ಯಾ! ಎರಡು ಮೈಲಿ ನಡೆದು ಪಾಪ, ಇನ್ನೂ ಸೀನ್ತಾ ಇದಾರೆ.”

ಅಮೆರಿಕದ ಮಿನ್ನೆಸೋಟದ ಈ ಮೂಲೆಯಲ್ಲಿ ಯಾರು ಏನು ಕೊಡಬಂದರೂ ಎರಡು ಸಲ ಬೇಡ ಎನ್ನಬೇಕು. ಮೂರನೇ ಸಲ ಕೇಳಿದಾಗ “ಸರಿ, ಚೂರೇ ಚೂರು” ಎಂದು ನಾಚಿಕೊಳ್ಳಬೇಕು. ಆರ್ನೆ ಹೆಂಡತಿಯನ್ನು ಪಡೆದದ್ದೂ ಅವಳು ಮೂರನೇ ಸಲ ಕೇಳಿದ ಮೇಲೆಯೇ.

“ಹಾಗಾದ್ರೆ ಏನು ಮಾಡ್ಲಿ?”

“ಅಭ್ಯಾಸ ಮಾಡು. ಸಂಜೆವರೆಗೂ ಯಾರೇ ಏನೇ ಕೇಳ್ಲಿ, ಮೊದಲ್ನೇ ಸಲಕ್ಕೇ ‘ಆಗ್ಲಿ’ ಅನ್ನು.”

ಮೊದಲ ಪಾಠ ಬಸ್ಸಿನ ಹತ್ತಿರವೇ ಆಯಿತು. ಬ್ರಿಟಾಳನ್ನು ಹತ್ತಿಸುವಾಗ ಚಾಲಕ ವರ್ಲಿನ್ ಎಂದಿನಂತೆ ಸೊಂಟ ಹಿಡಿದುಕೊಂಡು ನರಳಿದ. “ನನ್ನ ಕೈಲಾಗಲ್ಲ ಮಾರಾಯಾ. ಜನವರಿಯಿಂದ ವರ್ಷ ಪೂರ್ತಿ ನೀನೇ ಓಡಿಸಿಬಿಡು.” ಮೂರು ವರ್ಷದಿಂದ ಅವನು ಇದನ್ನೇ ಹೇಳುತ್ತಿದ್ದ, “ನಿನ್ನ ಹಾಗೆ ಯಾರಿಗಾಗತ್ತೆ?” ಎಂದು ಆರ್ನೆ ಅನ್ನುತ್ತಿದ್ದ. ಹಿಂದೆ ಮಕ್ಕಳನ್ನು ಪಂದ್ಯಗಳಿಗೆ ಕರೆದೊಯ್ಯುತ್ತಿದ್ದ ಕಾಲದ ಬಸ್ಸಿನ ಲೈಸೆನ್ಸು ಆರ್ನೆಯ ಜೇಬಿನಲ್ಲಿ ಇನ್ನೂ ಇತ್ತು. ಜನವರಿಗೆ ಊರಲ್ಲೇ ಶಾಲೆ ಶುರುವಾದ ಮೇಲೆ ಬಸ್ಸಾದರೂ ಎಲ್ಲಿರುತ್ತದೆ ಎಂದುಕೊಂಡು ಧೈರ್ಯವಾಗಿ, “ಆಗ್ಲಿ,” ಎಂದ.

ವರ್ಲಿನ್ ಒಂದು ನಿಮಿಷ ಕಣ್ಣು ಪಿಳುಕಿಸಿದ. ಆಮೇಲೆ ಸೊಂಟ ನೆಟ್ಟಗೆ ಮಾಡಿಕೊಂಡು, ಶಿಳ್ಳೆ ಹಾಕುತ್ತಾ ಹೊರಟ.

ಹತ್ತು ಗಂಟೆಗೆ ವಿಧವೆ ಗುಡ್ರುನ್ ದಾರಿಯಲ್ಲಿ ಸಿಕ್ಕಳು. “ನಿನ್ನ ಶಾಲೆಗೆ ಏನಾದ್ರೂ ಬೇಕಿದ್ರೆ ಹೇಳು. ನಮ್ಮ ಯಜಮಾನ್ರು ಹಿಡಿದ ಆ ದೊಡ್ಡ ಮೀನು ಬೇಕಾದ್ರೂ ತಗೊಂಡು ಹೋಗು.” ಹೊಟ್ಟೆಗೆ ಹೊಟ್ಟು ತುಂಬಿ ಹಲಗೆಗೆ ಬಡಿದಿದ್ದ ಆ ಮೀನಿನ ಮುಂದೆ ಅವಳು ಹನ್ನೊಂದು ವರ್ಷದಿಂದ ಊಟ ಮಾಡುತ್ತಿದ್ದಳು. ಆರ್ನೆ “ಆಗ್ಲಿ” ಎಂದು ಒಳಗೆ ಹೋಗಿ ಮೀನನ್ನು ಇಳಿಸಿಕೊಂಡು ಬಂದ. ಗುಡ್ರುನ್ ಬಾಗಿಲಲ್ಲಿ ನಿಂತು, ಗಂಡನನ್ನು ಎರಡನೇ ಸಲ ಕಳಿಸಿಕೊಡುವವಳಂತೆ ಕಣ್ಣೊರೆಸಿಕೊಂಡಳು. ಅಭ್ಯಾಸ ಎಷ್ಟು ಚೆನ್ನಾಗಿ ಆಗುತ್ತಿದೆ ಎಂದು ಆರ್ನೆಗೆ ತನ್ನ ಮೇಲೇ ಮೆಚ್ಚುಗೆ ಬಂತು.

ಮಧ್ಯಾಹ್ನ ಚರ್ಚಿನಲ್ಲಿ ಎಲ್ಲರಿಗೂ ಊಟ. ಮೇಡಂ ಕೂಡ ಬಂದಿದ್ದರು. ಆಲೂಗೆಡ್ಡೆ ಮಾಂಸದ ಹಾಟ್‌ಡಿಶ್ ಖಾಲಿಯಾಗಿ, ತಟ್ಟೆಯಲ್ಲಿ ನಿಂಬೆಹಣ್ಣಿನ ಸಿಹಿಯ ಕೊನೆಯ ತುಂಡು ಉಳಿಯಿತು. ಕೊನೆಯ ತುಂಡನ್ನು ಈ ಊರಿನಲ್ಲಿ ಯಾರೂ ಪೂರ್ತಿ ತಿನ್ನುವುದಿಲ್ಲ. ಒಬ್ಬರು ಅರ್ಧ ಕತ್ತರಿಸುತ್ತಾರೆ, ಇನ್ನೊಬ್ಬರು ಅದರಲ್ಲಿ ಅರ್ಧ. ಕೊನೆಗೆ ಇರುವೆಯ ಪಾಲಿನಷ್ಟು ಉಳಿದು ಒಣಗುತ್ತದೆ. ಪಾದ್ರಿ ಸೀನುತ್ತಾ, “ತಗೋ ಆರ್ನೆ,” ಎಂದರು. ಆರ್ನೆ “ಆಗ್ಲಿ” ಎಂದು ಎತ್ತಿ ಒಂದೇ ಬಾಯಿಗೆ ಹಾಕಿಕೊಂಡ.

ನಲವತ್ತು ಜನ ಚಮಚ ಕೆಳಗಿಟ್ಟರು.

“ಇವನಿಗೇನಾಗಿದೆ?” ಎಂದು ಹಿಂದಿನಿಂದ ಯಾರೋ ಅಂದರು. “ಮಕ್ಕಳಿಗೆ ಇವನು ಕಲಿಸೋದು ಇದನ್ನೇನಾ?” ಆರ್ನೆಗೆ ಕೇಳಿಸಿತು. ಇರಲಿ, ಸಂಜೆ ಅನುಮತಿ ಕೈಗೆ ಬಂದಾಗ ಇವರೇ ಹೊತ್ತು ಕುಣಿಯುತ್ತಾರೆ ಎಂದುಕೊಂಡು ಬಾಯಿ ಒರೆಸಿಕೊಂಡ. ಆ ಮೂಲೆಯಲ್ಲಿ ಮೇಡಂ ಕಿವಿಯಲ್ಲಿ ಮಾರ್ಲಿಸ್ ಏನೋ ಪಿಸುಗುಟ್ಟುತ್ತಿದ್ದಳು. ತನ್ನ ಪರವಾಗಿಯೇ ಇರಬೇಕು ಎಂದು ಅವನು ಹಿಗ್ಗಿದ. ಅದು ನಿಜವೂ ಆಗಿತ್ತು, ಪಾಪ.

ನಾಲ್ಕಕ್ಕೆ ವಿಚಾರಣೆ ಶುರುವಾಯಿತು. ಮೇಡಂ ಕೇಳಿದ ಪ್ರಶ್ನೆಗಳಿಗೆಲ್ಲ ಆರ್ನೆ ಕಡ್ಡಿ ಮುರಿದಂತೆ ಉತ್ತರ ಕೊಟ್ಟ. ಪಾಠ ಏನು, ಶಿಕ್ಷಕರು ಯಾರು, ಛಾವಣಿ ಸೋರುತ್ತದೆಯೇ, ಎಲ್ಲವೂ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಮುನಿಸಿಕೊಂಡಿದ್ದ ಜನ ಕೂಡ ಕ್ರಮೇಣ ತಲೆದೂಗತೊಡಗಿದರು. ಮುಂದಿನ ಸಾಲಿನಲ್ಲಿ ಬ್ರಿಟಾ ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದಳು.

ಮೇಡಂ ಅರ್ಜಿ ಮುಚ್ಚಿದರು. “ನಾನು ಓದಿದ ಅರ್ಜಿಗಳಲ್ಲೆಲ್ಲ ಇದೇ ಚೆನ್ನಾಗಿದೆ,” ಎಂದರು. ಆರ್ನೆಗೆ ಸ್ವರ್ಗ ಮೂರೇ ಗೇಣು. ಅವರು ಏನನ್ನೋ ನೆನಪು ಮಾಡಿಕೊಂಡವರಂತೆ ಮಾರ್ಲಿಸಳ ಕಡೆ ನೋಡಿ ಮೆಲ್ಲಗೆ ನಕ್ಕು ಕೇಳಿದರು:

“ನಿಮಗೂ ಬಹಳ ದಣಿವಾಗಿರತ್ತೆ. ಅವಸರ ಏನಿಲ್ಲದಿದ್ರೆ, ಇದನ್ನ ಇನ್ನೊಂದು ವರ್ಷ ಮುಂದಕ್ಕೆ ಹಾಕೋಣ್ವಾ?”

“ಆಗ್ಲಿ!” ಎಂದ ಆರ್ನೆ.

ಬೆಳಿಗ್ಗೆಯಿಂದ ಸಾಣೆ ಹಿಡಿದಿದ್ದ ನಾಲಿಗೆ. ಬುದ್ಧಿ ಬಂದು ತಲುಪುವ ಮೊದಲೇ ಕೆಲಸ ಮುಗಿಸಿತ್ತು. ಗುಮಾಸ್ತ “ಅರ್ಜಿದಾರರ ಒಪ್ಪಿಗೆಯ ಮೇರೆಗೆ ಮುಂದೂಡಲಾಗಿದೆ” ಎಂದು ಬರೆದೇ ಬಿಟ್ಟ.

ಮೇಡಂ ಮುಖ ಬಿಳುಪೇರಿತು. “ಅಯ್ಯೋ, ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ! ‘ಇಲ್ಲಿ ಯಾರಿಗೂ ನೇರವಾಗಿ ಕೈಗೆ ಕೊಡಬಾರದು, ಒರಟುತನ ಆಗತ್ತೆ. ಮೊದಲು ಒಂದು ಸಲ ಹಿಂದೆ ಎಳ್ಕೊಂಡು ಆಮೇಲೆ ಕೊಡಿ’ ಅಂತ ಈಯಮ್ಮ ಹೇಳಿಕೊಟ್ರು!”

“ಬೇಡ ಮೇಡಂ! ಬೇಡ! ಬೇಡವೇ ಬೇಡ!” ಎಂದು ಆರ್ನೆ ಮೂರು ಸಲ ಕೂಗಿದ.

“ದಾಖಲಾಗಿ ಹೋಯ್ತಲ್ಲ, ಇನ್ನು ಬದಲಿಸೋ ಹಾಗಿಲ್ಲ, ನಿಯಮ,” ಎಂದು ಮೇಡಂ ನಿಜವಾಗಿಯೂ ನೊಂದು ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಬ್ಬರಿಗೂ ಒಬ್ಬಳೇ ಗುರು. ಗುರುವಿನ ಪಾಠವನ್ನು ಇಬ್ಬರೂ ಅಚ್ಚುಕಟ್ಟಾಗಿ ಒಪ್ಪಿಸಿದ್ದರು.

ಜನ ಕರಗಿದ ಮೇಲೆ ವರ್ಲಿನ್ ಬಂದು ಆರ್ನೆಯ ಅಂಗೈಯಲ್ಲಿ ಒಂದು ಬೀಗದಕೈ ಇಟ್ಟ. “ಬಸ್ಸಿಂದು. ಕಂಪನಿಗೆ ಫೋನ್ ಮಾಡಿ ನಿನ್ನ ಹೆಸರು ಕೊಟ್ಟಾಯ್ತು. ಜನವರಿಯಿಂದ, ಆರೂ ಹತ್ತಕ್ಕೆ.”

“ಬೇಡ ಮಾರಾಯಾ.”

“ಬೆಳಿಗ್ಗೆ ಆಗ್ಲಿ ಅಂದ್ಯಲ್ಲ!”

ಆರ್ನೆ ಬೀಗದಕೈ ಹಿಡಿದುಕೊಂಡು ಖಾಲಿ ಲೋಟವೊಂದಿದ್ದ ಮೇಜಿನ ಮುಂದೆ ಕೂತ. ಮಾರ್ಲಿಸ್ ಕಾಫಿ ಹೂಜಿ ಹಿಡಿದು ಹತ್ತಿರ ಬಂದಳು. ಅವಳ ಮುಖ ಸಣ್ಣಗಾಗಿತ್ತು.

“ಒಂದು ಲೋಟ ಕಾಫಿ ಕೊಡ್ಲಾ ಆರ್ನೆ?”

“ಬೇಡ.”

“ನಿಜವಾಗ್ಲೂ?”

“ಬೇಡ,” ಎಂದು ಆರ್ನೆ ಲೋಟವನ್ನು ಸ್ವಲ್ಪ ಮುಂದೆ ಸರಿಸಿಟ್ಟು, ಮೂರನೇ ಸಲಕ್ಕಾಗಿ ಕಾದ.

“ಸರಿ ಬಿಡು,” ಎಂದು ಮಾರ್ಲಿಸ್ ಹೂಜಿ ಎತ್ತಿಕೊಂಡು ಹೋಗಿ, ಉಳಿದ ಕಾಫಿಯನ್ನೆಲ್ಲ ವರ್ಲಿನ್‌ನ ಲೋಟಕ್ಕೆ ಸುರಿದಳು.