ತೀರದೆ ಉಳಿದಿರುವ ಶಕುನವನ್ನು ನದಿಯಲ್ಲಿ ವಿಲೇವಾರಿ ಮಾಡುವ ಬಗ್ಗೆ

ನದಿದಂಡೆ ವಸತಿಗೃಹದ ಆಡಳಿತ ಕಚೇರಿ, ನಾಪೋ ನದಿ, ಬಲದಂಡೆ
ಸಂಖ್ಯೆ: ನದಂವ/ಕನಸು/ದೋಣಿ/ಅತಿ ತುರ್ತು

ಸುತ್ತೋಲೆ

ವಿಷಯ: ಆಡಳಿತಾಧಿಕಾರಿಯವರ ಜೊತೆ ಯಾರೂ ದೋಣಿ ಹತ್ತದಿರುವ ಕುರಿತು.

ಉಲ್ಲೇಖ: 1. ದೋಣಿಗಾರ ಗಾಲೋ ಶಿಗ್ವಾಂಗೋ ಅವರಿಗೆ ಮಂಗಳವಾರ ಬಿದ್ದ ಕನಸು.
2. ಸದರಿ ಕನಸಿನ ಮೇಲೆ ಅಜ್ಜಿ ರೊಸೌರಾ ಆಂದಿ ಅವರ ಮೌಖಿಕ ತೀರ್ಪು.

ಪ್ರಸ್ತಾವನೆ:

ಬೆಳಗಿನ ಜಾವ ಒಲೆಯ ಸುತ್ತ ಕೂತು ಗ್ವಾಯೂಸಾ ಎಲೆಯ ಕಷಾಯ ಕುಡಿಯುತ್ತ ಕನಸು ಹೇಳಿಕೊಳ್ಳುವುದು, ಅಜ್ಜಿ ಬೇಡವೆಂದರೆ ಅಂದು ಕಾಡಿಗೂ ನದಿಗೂ ಇಳಿಯದಿರುವುದು ಊರಿನ ವಾಡಿಕೆಯಾಗಿರುತ್ತದೆ. ಮಂಗಳವಾರ ಗಾಲೋ ಅವರ ಕನಸಿನಲ್ಲಿ ದೋಣಿಯು ಬಾಯಿ ತೆರೆದು ನಕ್ಕಿರುತ್ತದೆ. "ನಕ್ಕ ದೋಣಿ ಒಬ್ಬರನ್ನಾದ್ರೂ ನೀರಿಗೆ ಕೆಡವದೆ ಬಿಡಲ್ಲ ಕಣೋ ಮಗಾ. ಇವತ್ತು ಕಟ್ಟಿಹಾಕು" ಎಂದು ಅಜ್ಜಿ ಆದೇಶಿಸಿರುತ್ತಾರೆ.

ಆದರೆ ಗಿಳಿಗಳು ಮಣ್ಣು ತಿನ್ನುವ ದಿಬ್ಬ ನೋಡಲು ಅತಿಥಿಗಳು ಕ್ಯಾಮೆರಾ ಸಮೇತ ಸಿದ್ಧರಿದ್ದರು. ಕೀಟೋ ನಗರದಿಂದ ಹೊಸದಾಗಿ ಬಂದ ಆಡಳಿತಾಧಿಕಾರಿಯವರು ಎದ್ದು ನಿಂತು, ಕಪ್ಪು ಕನ್ನಡಕ ಧರಿಸಿ, "ಏಯ್! ಕನಸಿಗೆ ಹೆದರೋನು ಹಾಸಿಗೇಲಿರ್ಬೇಕು, ಚುಕ್ಕಾಣಿ ಹತ್ರ ಅಲ್ಲ! ಕೊಡೋ ಇಲ್ಲಿ!" ಎಂದು ಗುಡುಗಿ, ಗಾಲೋ ಅವರನ್ನು ಕೆಲಸದಿಂದ ತೆಗೆದು, ತಾವೇ ದೋಣಿ ನಡೆಸಿರುತ್ತಾರೆ. ಸದರಿ ಡೈಲಾಗಿಗೆ ಅತಿಥಿಗಳಿಂದ ಶಿಳ್ಳೆ ಬಿದ್ದಿರುವುದನ್ನು ಕಚೇರಿ ಅಲ್ಲಗಳೆಯುವುದಿಲ್ಲ.

ಯಾರೂ ನೀರಿಗೆ ಬೀಳಲಿಲ್ಲ. ತೊಂದರೆ ಇದೇ ಆಗಿರುತ್ತದೆ.

"ಬೀಳ್ಬೇಕಾದವ್ರು ಬಿದ್ದಿಲ್ಲ ಅಂದ್ರೆ, ಶಕುನ ಹೊಟ್ಟೆ ಹಸ್ಕೊಂಡು ಈ ಪುಣ್ಯಾತ್ಮನ ಹಿಂದೇನೇ ಸುತ್ತುತಾ ಇದೆ" ಎಂದು ಅಜ್ಜಿ ಘೋಷಿಸಿದ ಮೇಲೆ ವಸತಿಗೃಹದ ದೋಣಿಗಳೆಲ್ಲ ಖಾಲಿ ನಿಂತಿವೆ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. "ನಾವು ದಡದಿಂದಾನೇ ಕಾಡು ನೋಡ್ತೀವಿ ಬಿಡಿ ಸರ್" ಎನ್ನುವ ಅತಿಥಿಗಳಿಗೆ ಸದ್ಯ ಅಡುಗೆಮನೆ ಹಿಂದಿನ ಕಪ್ಪೆಯೊಂದನ್ನೇ ತೋರಿಸಲಾಗುತ್ತಿದೆ. ಕಪ್ಪೆಯು ಬೆನ್ನು ತಿರುಗಿಸಿ ಕೂತಲ್ಲಿ ಅದನ್ನು ಬೇರೆ ಕಪ್ಪೆಯೆಂದು ಪರಿಗಣಿಸತಕ್ಕದ್ದು.

2. ಅಡುಗೆಯವರು ಎಲೆಯಲ್ಲಿ ಸುತ್ತಿ ಸುಟ್ಟ ಮೀನನ್ನು ಆಡಳಿತಾಧಿಕಾರಿಯವರಿಗೆ ದೋಣಿಯ ಹುಟ್ಟಿನ ತುದಿಯಲ್ಲಿಟ್ಟು ದೂರದಿಂದ ಚಾಚುವುದನ್ನು ಕೂಡಲೇ ನಿಲ್ಲಿಸುವುದು.

3. ಮುಂದಿನ ಆದೇಶದವರೆಗೆ ಯಾವ ಸಿಬ್ಬಂದಿಯೂ ಹೊಸ ಕನಸು ಕಾಣತಕ್ಕದ್ದಲ್ಲ. ಅನಿವಾರ್ಯವಾಗಿ ಕಂಡಲ್ಲಿ ಅರ್ಧಕ್ಕೇ ಎಚ್ಚರಗೊಳ್ಳುವುದು.

4. ಆಡಳಿತಾಧಿಕಾರಿಯವರು ಬಕೆಟ್ ನೀರು ಸುರಿದುಕೊಂಡು ಶಕುನ ತೀರಿತೆಂದು ಸಲ್ಲಿಸಿದ ಮನವಿಯನ್ನು "ಸ್ನಾನ ಮಾಡಿದ್ರೆ ಕೊಳೆ ಹೋಗುತ್ತಪ್ಪಾ, ಶಕುನ ಹೋಗಲ್ಲ" ಎಂಬ ಷರಾದೊಂದಿಗೆ ಅಜ್ಜಿ ತಿರಸ್ಕರಿಸಿರುತ್ತಾರೆ.

5. ಪ್ರಯುಕ್ತ, ಭಾನುವಾರ ತಿಂಡಿಯ ನಂತರ ಆಡಳಿತಾಧಿಕಾರಿಯವರು ದೋಣಿ ಕಟ್ಟುವ ಧಕ್ಕೆಯ ಬಳಿ ದೋಣಿಯಿಂದ ನದಿಗೆ ಬೀಳತಕ್ಕದ್ದು. ಬೀಳುವಿಕೆಯು ಸಂಪೂರ್ಣ ಆಕಸ್ಮಿಕವಾಗಿರಬೇಕು. ಆಕಸ್ಮಿಕದ ಪೂರ್ವಾಭ್ಯಾಸ ಶನಿವಾರ ನಡೆಯಲಿದೆ.

6. ತೇಲುಜಾಕೀಟು ಧರಿಸಲು ಅನುಮತಿಸಲಾಗಿದೆ. ಆದರೆ ಶಕುನಕ್ಕೆ ಕಾಣದಂತೆ, ಅಂಗಿಯ ಒಳಗೆ.

7. ಕನಸು ಕಂಡವನೇ ದೋಣಿ ನಡೆಸಿದರೆ ಮಾತ್ರ ಬಿದ್ದದ್ದು ಲೆಕ್ಕಕ್ಕೆ ಬರುತ್ತದೆಂದು ಅಜ್ಜಿ ತಿಳಿಸಿರುತ್ತಾರೆ. ಈ ಬಗ್ಗೆ ಗಾಲೋ ಅವರನ್ನು ಕೋರಲಾಗಿ, "ಕೆಲಸ ಕಿತ್ಕೊಂಡ್ರಿ, ಈಗ ಬೀಳಿಸು ಅಂತೀರಿ. ಹೊರಗಿನವನು ನಾನು ಸಾಹೇಬ್ರೆ, ನಿಮ್ಮನ್ನ ಬೀಳ್ಸೋಕೆ ನನಗ್ಯಾವ ಹಕ್ಕಿದೆ?" ಎಂದು ಮೀಸೆಯಡಿಯಲ್ಲಿ ನಕ್ಕಿರುತ್ತಾರೆ. ಆದ್ದರಿಂದ ಅವರನ್ನು ಈ ಕ್ಷಣದಿಂದಲೇ ಮರುನೇಮಿಸಿ ಚುಕ್ಕಾಣಿಯನ್ನು ಗೌರವಪೂರ್ವಕವಾಗಿ ಹಿಂತಿರುಗಿಸಲಾಗಿದೆ. ಇನ್ನು ಮುಂದೆ ಅವರು ಕನಸಿನ ಕಾರಣಕ್ಕೆ ದೋಣಿ ಕಟ್ಟಿದಲ್ಲಿ ಯಾರೂ ಪ್ರಶ್ನಿಸುವಂತಿಲ್ಲ.

8. ನೀರಿಗೆ ಬಿದ್ದವರನ್ನು ಮೇಲೆತ್ತುವ ಹೊಣೆಯೂ ಗಾಲೋ ಅವರದೇ. ಯಾವಾಗ ಎತ್ತಬೇಕೆಂಬುದನ್ನು ಅವರ ವಿವೇಚನೆಗೆ ಬಿಡಲಾಗಿದೆ.

ಸಹಿ/-
ಫಾಬ್ರಿಸಿಯೋ ಎಂದಾರಾ
ಆಡಳಿತಾಧಿಕಾರಿ
(ಈಜು ಬಾರದು)

ಪ್ರತಿಗಳು:
1. ಅಜ್ಜಿ ರೊಸೌರಾ ಆಂದಿ: ಅನುಮೋದನೆಗಾಗಿ.
2. ಗಾಲೋ ಶಿಗ್ವಾಂಗೋ: ಅಗತ್ಯ ಕ್ರಮಕ್ಕಾಗಿ. ಅಗತ್ಯಕ್ಕಿಂತ ಹೆಚ್ಚಿನ ಕ್ರಮ ಬೇಡವೆಂದು ಕೋರಿದೆ.
3. ಎಲ್ಲ ಅತಿಥಿಗಳು: ಆಡಳಿತಾಧಿಕಾರಿಯವರನ್ನು ಮೇಲೆತ್ತಿದ ನಂತರವೇ ಚಪ್ಪಾಳೆ ತಟ್ಟುವುದು.
4. ಧಕ್ಕೆಯ ಕೆಳಗೆ ವಾಸವಿರುವ ಮೊಸಳೆ ದಂಪತಿ: ಮಾಹಿತಿಗಾಗಿ ಮಾತ್ರ. ತಮ್ಮಿಂದ ಯಾವುದೇ ಕ್ರಮ ಅಗತ್ಯವಿರುವುದಿಲ್ಲ.