ಮೊಡವೆ ಹೊತ್ತು ಹೆಣ್ಣು ನೋಡಲು ಹೋದದ್ದು

ಮನುಷ್ಯನಿಗೆ ತನ್ನ ಮುಖ ತನಗೇ ಕಾಣದಂತೆ ದೇವರು ಮಾಡಿದ್ದು ಒಳ್ಳೆಯದಕ್ಕೇ ಇರಬೇಕು. ಅದರ ಮೇಲೆ ಗಮನ ಹೋಯಿತೆಂದರೆ ನೆಮ್ಮದಿ ಕೆಟ್ಟಿತೆಂದೇ ತಿಳಿಯಬೇಕು. ನಾನು ಹೊಸಪೇಟೆಯ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದಾಗ, ಕಂಪ್ಲಿಯಲ್ಲಿ ಹೆಣ್ಣು ನೋಡುವುದು ಗೊತ್ತಾದ ಹೊತ್ತಿಗೇ ಕೆನ್ನೆಯ ತುಂಬ ಮೊಡವೆಗಳು ಎದ್ದವು. ಕೆಂಪಗಿದ್ದರೆ ಪ್ರಾಯದ ಗುರುತೆಂದು ಸುಮ್ಮನಿರುತ್ತಿದ್ದೆನೇನೋ. ಇವು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ, ಒಣಗಿದ ಮೇಲೂ ಕಪ್ಪು ಕಲೆ ಬಿಟ್ಟುಹೋಗತೊಡಗಿದವು. ಗಿರಾಕಿಯೊಬ್ಬ ಸೀರೆ ನೋಡುವುದನ್ನು ಬಿಟ್ಟು ನನ್ನ ಕೆನ್ನೆ ನೋಡಿದ. ಸಂಡೂರಿನಲ್ಲಿ ಒಬ್ಬನಿಗೆ ಹೀಗೇ ಶುರುವಾಗಿ ಕೊನೆಗೆ ಕುಷ್ಠವೇ ಆಯಿತೆಂದು ಹೇಳಿ, ಸೀರೆಯನ್ನೂ ಕೊಳ್ಳದೆ ಹೋದ. ಅಂದಿನಿಂದ ನನಗೆ ಊಟ ಸೇರಲಿಲ್ಲ. ಕುಷ್ಠವಾದರೆ ಆ ಜಾಗಕ್ಕೆ ನೋವು ತಿಳಿಯುವುದಿಲ್ಲವೆಂದು ಕೇಳಿದ್ದೆ; ಕಲೆಗಳಿಗೆ ಸೂಜಿ ತಾಗಿಸಿ, ನೋವಾದರೆ ಸಂತೋಷಪಡುತ್ತಿದ್ದೆ.

ರಕ್ತ ಕೆಟ್ಟಿದೆಯೆಂದು ಅವ್ವ ಬೇವಿನ ಕಷಾಯ ಕುಡಿಸಿದಳು, ಜಾಜಿಕಾಯಿ ತೇಯ್ದು ಹಚ್ಚಿದಳು. ಸೋದರಮಾವ ನಿಂಬೆರಸ ತಿಕ್ಕಿಕೊಳ್ಳಲು ಹೇಳಿದ. ತಿಕ್ಕಿಕೊಂಡೆ, ಮುಖ ಉರಿದು ಊದಿತು. ಕಡೆಗೆ ಹೆದರುತ್ತಲೇ ಆಸ್ಪತ್ರೆಗೆ ಹೋದೆ. ಡಾಕ್ಟರು ಕಲೆಗಳ ಮೇಲೆ ಹತ್ತಿ ಸವರಿ, ಗೊತ್ತಾಗುತ್ತದೆಯೇ ಎಂದು ಕೇಳಿದರು. ಆಮೇಲೆ ನನ್ನ ಉಗುರುಗಳನ್ನು ನೋಡಿದರು.

"ಇವು ಬರೇ ಮೊಡವಿ. ನೀವು ಚಿವುಟಿ ಚಿವುಟಿ ಕಪ್ಪ್ ಮಾಡ್ಕೊಂಡೀರಿ. ಮುಖ ತೊಳಕೊಂಡು ಸುಮ್ನ ಬಿಟ್ಬಿಡ್ರಿ, ಕಲೆ ತಾನ ಹೋಗ್ತಾವ."

"ಸೋಮವಾರ ಹೆಣ್ಣು ನೋಡಾಕ ಹೋಗ್ಬೇಕ್ರಿ. ಅಷ್ಟರೊಳಗ ಹೋಗ್ತಾವೇನ್ರಿ?"

ತಿಂಗಳುಗಟ್ಟಲೆ ಬೇಕೆಂದರು. ಕುಷ್ಠವಲ್ಲವೆಂಬ ಸಮಾಧಾನ ಆಸ್ಪತ್ರೆಯ ಬಾಗಿಲವರೆಗೆ ಇತ್ತು. ಅಲ್ಲಿಂದಾಚೆಗೆ ಕಂಪ್ಲಿಯ ಚಿಂತೆ ಹತ್ತಿಕೊಂಡಿತು.

ಸೋಮವಾರ ಹೆಣ್ಣಿನ ಮನೆಯಲ್ಲಿ ನಾನು ಕೆನ್ನೆಗೆ ಅಂಗೈ ಆನಿಸಿಕೊಂಡೇ ಕೂತೆ. ಹುಡುಗಿಯ ತಂದೆ ಹಲ್ಲುನೋವೇ ಎಂದು ಕೇಳಿದರು. ಹೌದೆಂದೆ. ಪಾಪ, ಲವಂಗ ತರಿಸಿಕೊಟ್ಟರು. ಹುಡುಗಿ ಬಂದು ಎದುರಿಗೆ ಕೂತಾಗ, ಒಂದು ಕಡೆ ಲವಂಗದ ಖಾರ, ಇನ್ನೊಂದು ಕಡೆ ಕೈ ಜಾರೀತೆಂಬ ಭಯ. ತಲೆ ಎತ್ತಲೇ ಇಲ್ಲ. ಈ ಸಂಬಂಧ ಮುಗಿಯಿತೆಂದುಕೊಂಡು ಬಂಡಿ ಹತ್ತಿದೆ. ಆದರೆ ಅವರಿಂದ ಒಪ್ಪಿಗೆಯೇ ಬಂತು.

ಮದುವೆಯಾದ ಎಷ್ಟೋ ದಿನಗಳ ಮೇಲೆ, ಅಂಥ ಮುಖವನ್ನು ಹೇಗೆ ಒಪ್ಪಿದೆ ಎಂದು ಹೆಂಡತಿಯನ್ನು ಕೇಳಿದೆ.

"ನನ್ನ ಗಲ್ಲದ ಮ್ಯಾಲೂ ಹಂಗ ಇದ್ವಲ್ರಿ. ನೀವು ಏನಂತೀರೋ ಅಂತ ನನಗ ಭಾಳ ಅಂಜಿಕಿ ಆಗಿತ್ತು. ನೀವು ನೋಡ್ಲೇ ಇಲ್ಲೇನು?" ಎಂದಳು.

ನೋಡದೆ ಏನು, ಚೆನ್ನಾಗಿಯೇ ನೋಡಿದ್ದೆ ಎಂದೆ. ಹಾಗಾದರೆ ಯಾವ ಕೆನ್ನೆಯ ಮೇಲಿದ್ದವು ಹೇಳಿ ಎಂದಳು. ಸ್ವಲ್ಪ ಯೋಚಿಸಿ, ಧೈರ್ಯವಾಗಿ ಎಡಗಡೆ ಎಂದೆ. ಎರಡೂ ಕಡೆ ಇದ್ದವಂತೆ.